ಕುಹೊನ್‌ಬುತ್ಸು ಸ್ಟೇಷನ್‌ಗೆ ಹೋಗೋರು ಯಾವ ಬೋಗಿ ಹತ್ತಬೇಕು

ಟೋಕಿಯೋದಲ್ಲಿರೋ ನಮ್ಮೋರಿಗೆ ಒಂದು ಚಿಕ್ಕ ಸಲಹೆ. ಓಯಿಮಾಚಿ ಲೈನಲ್ಲಿ ಜಿಯುಗಾವೋಕ ಆದ್ಮೇಲೆ ಕುಹೊನ್‌ಬುತ್ಸು ಅಂತ ಪುಟಾಣಿ ಸ್ಟೇಷನ್ ಬರುತ್ತೆ, ಎಕ್ಸ್‌ಪ್ರೆಸ್ ನಿಲ್ಲಲ್ಲ, ಲೋಕಲ್ಲೇ ಹಿಡೀಬೇಕು. ಲೋಕಲ್‌ಗೆ 5 ಬೋಗಿ, ಪ್ಲಾಟ್‌ಫಾರ್ಮ್ ಮಾತ್ರ 4 ಬೋಗಿಯಷ್ಟೇ ಉದ್ದ, ಹಂಗಾಗಿ ಫುತಾಕೊ ತಮಾಗಾವ ಕಡೆಯ ತುದಿ ಬೋಗಿ ಬಾಗಿಲು ಅಲ್ಲಿ ತೆಗಿಯೋದೇ ಇಲ್ಲ! ಜಿಯುಗಾವೋಕ ಕಡೆಯಿಂದ ಬರೋರಿಗೆ ಅದು ಎಲ್ಲಕ್ಕಿಂತ ಮುಂದಿನ ಬೋಗಿ, ಫುತಾಕೊ ತಮಾಗಾವ ಕಡೆಯಿಂದ ಬರೋರಿಗೆ ಕೊನೇದು. ಮೊದಲ್ನೇ ಸಲ ನಾನು ಇಯರ್‌ಫೋನ್ ಹಾಕ್ಕೊಂಡು ಅದರಲ್ಲೇ ನಿಂತಿದ್ದೆ, ಅನೌನ್ಸ್‌ಮೆಂಟ್ ಕೇಳಿಸ್ಲಿಲ್ಲ, ಬಾಗಿಲ ಮುಂದೆ ಪೆದ್ದನ ಥರ ಕಾಯ್ತಾ ನಿಂತು ಮುಂದಿನ ಓಯಾಮಾದಾಯಿಗೆ ಹೋಗಿ ವಾಪಸ್ ಬಂದೆ. ನಡುವಿನ ಬೋಗಿ ಹತ್ತಿ, ತಲೆನೋವಿಲ್ಲ.

ಇನ್ನೊಂದು, ಸ್ಟೇಷನ್ ಎರಡು ಹಳಿಗಳ ಮಧ್ಯ ಇದೆ, ಹೊರಗೆ ಬಂದ್ರೆ ನೇರ ಲೆವೆಲ್ ಕ್ರಾಸಿಂಗ್. ಗೇಟ್ ಬಿದ್ದಿದ್ರೆ ಕಾಯ್ಲೇಬೇಕು, ಟ್ರೈನ್ ಹಿಡಿಯೋರು ಅದಕ್ಕೂ ಎರಡು ನಿಮಿಷ ಇಟ್ಕೊಂಡು ಹೊರಡಿ. ಮಗು ಜೊತೆ ಇದ್ರೆ ಕೈ ಬಿಡ್ಬೇಡಿ.

ಅಲ್ಲಿಗೆ ಯಾಕೆ ಹೋಗ್ಬೇಕು ಅಂದ್ರೆ ಪಕ್ಕದಲ್ಲೇ ಜೋಶಿಂಜಿ ದೇವಸ್ಥಾನ ಇದೆ, ಮೂರು ಮಂಟಪದಲ್ಲಿ ಮೂರು ಮೂರರಂತೆ 9 ಅಮಿದ (ಅಮಿತಾಭ) ಬುದ್ಧನ ವಿಗ್ರಹ, ಸ್ಟೇಷನ್ ಹೆಸರೂ ಅದರಿಂದಾನೇ ಬಂದಿದ್ದು. (ತಮಾಷೆ ಅಂದ್ರೆ 1927ರಲ್ಲಿ ಈ ಹೆಸರು ಇದ್ದಿದ್ದು ಈಗಿನ ಜಿಯುಗಾವೋಕಕ್ಕೆ, 1929ರಲ್ಲಿ ಈ ಸ್ಟೇಷನ್ ಆದ್ಮೇಲೆ ಇಲ್ಲಿಗೆ ಬಂತು.) ನವೆಂಬರ್ ಕೊನೇಲಿ ಗಿಂಕೊ ಮರದ ಎಲೆ ಹಳದಿ ಆಗಿರುತ್ತೆ, ಬೆಳಿಗ್ಗೇನೇ ಹೋಗಿ.