ಫ್ರಿಜ್‌ನ ನೀರಿನ ಫಿಲ್ಟರನ್ನು ನಾನೇ ಬದಲಿಸಿದೆ

ಹೊಸದರಲ್ಲಿ ಎಂಟು ಸೆಕೆಂಡಿಗೆ ತುಂಬುತ್ತಿದ್ದ ಲೋಟ 2024ರ ಏಪ್ರಿಲ್ ಹೊತ್ತಿಗೆ ಅರ್ಧ ನಿಮಿಷ ತೆಗೆದುಕೊಳ್ಳತೊಡಗಿತು. ಅಂಗೈಯಲ್ಲಿ ಮಾತ್ರೆ ಹಿಡಿದು ಫ್ರಿಜ್ ಮುಂದೆ ನಿಂತಿದ್ದ ಅಮ್ಮ, "ಇದಕ್ಕಿಂತ ಮಣ್ಣಿನ ಹೂಜಿಯೇ ವಾಸಿಯಪ್ಪಾ" ಎಂದರು. ಫಿಲ್ಟರ್ ಹಾಕಿಸಿ ನಾಲ್ಕೇ ತಿಂಗಳಾಗಿತ್ತು. ಆರು ತಿಂಗಳು ಬಾಳಬೇಕಾದದ್ದು ನಾಲ್ಕಕ್ಕೇ ಏಕೆ ಕಟ್ಟಿಕೊಂಡಿತು ಎಂಬುದು ಆಗ ನನಗೆ ಹೊಳೆಯಲಿಲ್ಲ. ಕಂಪನಿಯವರನ್ನು ಕರೆದರೆ ಬರಲು ವಾರ ಹಿಡಿಯುತ್ತದೆ ಎಂದರು. ಫಿಲ್ಟರೊಂದನ್ನೇ ತರಿಸಿಕೊಂಡು ಭಾನುವಾರ ಬೆಳಿಗ್ಗೆ ನಾನೇ ಕೂತೆ.

ನಮ್ಮದು ಎರಡು ಬಾಗಿಲಿನ, ಹೊರಗಿನಿಂದಲೇ ನೀರು ಹಿಡಿಯುವ ಫ್ರಿಜ್. ಕೆಲವು ಮಾದರಿಗಳಲ್ಲಿ ಫಿಲ್ಟರ್ ಒಳಗಡೆ ಇರುತ್ತದೆ. ತಿರುಗಿಸಿ ತೆಗೆದು ಹೊಸದನ್ನು ತಿರುಗಿಸಿ ಕೂರಿಸಿದರೆ ಮುಗಿಯಿತು. ನಮ್ಮದರಲ್ಲಿ ಅದು ಹಿಂಬದಿಯಲ್ಲಿ, ಗೋಡೆಯಿಂದ ಬರುವ ಕಾಲಿಂಚಿನ ಬಿಳಿ ಕೊಳವೆಯ ನಡುವೆ ಇದೆ. ಪಕ್ಕದಲ್ಲೇ ಒಂದು ಪುಟ್ಟ ಪಂಪ್. ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ಇಳಿಯುವ ನೀರಿಗೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಮಾತ್ರ. ನಮ್ಮ ಟ್ಯಾಂಕ್ ಅಷ್ಟು ಎತ್ತರದಲ್ಲೂ ಇಲ್ಲ, ಫ್ರಿಜ್‌ಗೆ ಅದು ಸಾಲದು. ಅದಕ್ಕೇ ಆ ಪಂಪ್.

ಮೊದಲು ಫ್ರಿಜ್ ಮತ್ತು ಪಂಪ್ ಎರಡರ ಸ್ವಿಚ್ಚನ್ನೂ ಆರಿಸಿದೆ, ಗೋಡೆಯ ವಾಲ್ವ್ ಮುಚ್ಚಿದೆ. ಕೊಳವೆಯಲ್ಲಿ ಒತ್ತಡ ಉಳಿದಿರುತ್ತದೆ. ಕೆಳಗೆ ಬಕೆಟ್ ಇಟ್ಟು, ಹಳೆಯ ಬಟ್ಟೆ ಸುತ್ತಿ ಬಿಚ್ಚಬೇಕು. ಕೊಳವೆ ಫಿಲ್ಟರಿನೊಳಗೆ ಹೋಗುವಲ್ಲಿ ನೀಲಿ ಕ್ಲಿಪ್ ಇದೆ. ಅದನ್ನು ಕಿತ್ತು, ಕೊಳವೆಯ ಸುತ್ತ ಇರುವ ಸಣ್ಣ ಬಳೆಯನ್ನು ಎರಡು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದು ಕೊಳವೆಯನ್ನು ಎಳೆದರೆ ಸಲೀಸಾಗಿ ಬರುತ್ತದೆ. ಬಳೆಯನ್ನು ಒತ್ತದೆ ಎಳೆದರೆ ಒಳಗಿನ ಹಲ್ಲುಗಳು ಇನ್ನಷ್ಟು ಬಿಗಿಯಾಗಿ ಕಚ್ಚುತ್ತವೆ. ನಾನು ಮೊದಲ ಸಲ ಹಾಗೆಯೇ ಎಳೆದು ಕೊಳವೆಯ ತುದಿಯಲ್ಲಿ ಗೀರು ಬೀಳಿಸಿದೆ. ಅದೇ ತುದಿಯನ್ನು ಹೊಸ ಫಿಲ್ಟರಿಗೆ ಸೇರಿಸಿ ವಾಲ್ವ್ ತೆರೆದಾಗ ಹನಿ ಹನಿಯಾಗಿ ನೀರು ಜಿನುಗಿತು. ಒಳಗಿನ ರಬ್ಬರ್ ಬಳೆ ನೀರನ್ನು ತಡೆಯಬೇಕಾದರೆ ಕೊಳವೆಯ ಮೈ ನುಣುಪಾಗಿರಬೇಕು. ಗೀರು ಬಿದ್ದ ಒಂದಿಂಚನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ ತೆಗೆದೆ. ತುದಿ ಓರೆಯಾದರೆ ಮತ್ತೆ ಸೋರುತ್ತದೆ. ಕತ್ತರಿಸಿದ ತುದಿಯನ್ನು ಒದ್ದೆ ಮಾಡಿ, ಇನ್ನು ಹೋಗದು ಎನ್ನುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆಳೆದು ಪರೀಕ್ಷಿಸಿದೆ. ಆಮೇಲೆ ಒಂದು ಹನಿಯೂ ಇಲ್ಲ.

ಫಿಲ್ಟರಿನ ಮೈಮೇಲೆ ನೀರು ಹರಿಯುವ ದಿಕ್ಕಿಗೆ ಬಾಣದ ಗುರುತಿರುತ್ತದೆ, ಅದನ್ನು ನೋಡಿಯೇ ಜೋಡಿಸಬೇಕು. ಒಳಬರುವ ಕಡೆಯನ್ನು ಮಾತ್ರ ಸೇರಿಸಿ, ಇನ್ನೊಂದು ಬಾಯಿಯನ್ನು ಬಕೆಟಿಗೆ ಬಿಟ್ಟು ಪಂಪ್ ಹಾಕಿದೆ. ಮೊದಲ ಲೀಟರು ಫಿಲ್ಟರಿನೊಳಗಿನ ಇದ್ದಿಲ ಪುಡಿ ತುಂಬಿ ಕಪ್ಪಗೆ ಬಂತು. ಇದನ್ನು ಫ್ರಿಜ್‌ನೊಳಗೆ ಬಿಡಬಾರದು. ನೀರು ತಿಳಿಯಾದ ಮೇಲೆ ಫ್ರಿಜ್‌ನ ಕೊಳವೆ ಸೇರಿಸಿ, ಮುಂದಿನಿಂದ ಎಂಟು ಲೀಟರ್ ಹಿಡಿದು ಗಿಡಗಳಿಗೆ ಹಾಕಿದೆ. ಸಿಕ್ಕಿಕೊಂಡ ಗಾಳಿ ಹೊರಬರುವಾಗ ನಲ್ಲಿ ಕೆಮ್ಮಿದಂತೆ ಸದ್ದು ಮಾಡುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಲೋಟ ಮತ್ತೆ ಎಂಟು ಸೆಕೆಂಡಿಗೆ ತುಂಬಿತು.

ಕೆಲಸ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನಾಲ್ಕು ತಿಂಗಳ ಲೆಕ್ಕ ನನ್ನನ್ನು ಬಿಡಲಿಲ್ಲ. ಹಳೆಯ ಫಿಲ್ಟರನ್ನು ಹ್ಯಾಕ್ಸಾ ಗರಗಸದಿಂದ ಉದ್ದಕ್ಕೆ ಕೊಯ್ದೆ. ಒಳಗೆ ಇದ್ದಿಲಿನ ಗಟ್ಟಿ ಕೊಳವೆ, ಅದರ ಸುತ್ತ ಒಂದು ಪದರ ಸ್ಪಂಜು. ಬೆಳ್ಳಗಿರಬೇಕಾದ ಆ ಸ್ಪಂಜು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟರೆ ನುಣ್ಣನೆಯ ಕೆಸರು ಅಂಟಿತು. ಆ ಬೇಸಿಗೆಯಲ್ಲಿ ಬೆಂಗಳೂರಿನ ಬಹಳಷ್ಟು ಮನೆಗಳಂತೆ ನಮ್ಮ ಸಂಪಿಗೂ ಟ್ಯಾಂಕರ್ ನೀರು ಬೀಳುತ್ತಿತ್ತು. ಇದ್ದಿಲು ಸವೆಯುವ ಮೊದಲೇ ಮಣ್ಣು ಅದರ ಬಾಯಿ ಮುಚ್ಚಿತ್ತು.

ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಮೀಟರ್ ತಂದು ಅಳೆದೆ. ಫಿಲ್ಟರಿಗೆ ಮುನ್ನ 640, ಹೊಸ ಫಿಲ್ಟರಿನ ನಂತರ 636. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಒಪ್ಪಬಹುದು. ಫಿಲ್ಟರ್ ಕೆಟ್ಟಿರಲಿಲ್ಲ. ಕರಗಿದ ಲವಣವನ್ನು ತೆಗೆಯುವುದು ಅದರ ಕೆಲಸವೇ ಅಲ್ಲ. ನಗರದ ನೀರಿನಲ್ಲಿರುವ ಕ್ಲೋರಿನ್ನಿನ ವಾಸನೆಯನ್ನು ಹೀರುವುದು, ಸಣ್ಣ ಕಣಗಳನ್ನು ತಡೆಯುವುದು, ಇಷ್ಟೇ ಅದರ ಕಸುಬು. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ಕ್ಲೋರಿನ್ ಬೆರೆಸಿ ಕಳುಹಿಸಿದ ಕಾವೇರಿ ನೀರಿಗಾದರೆ ಅದು ಹೇಳಿ ಮಾಡಿಸಿದ್ದು.

ಪೆಟ್ಟಿಗೆಯ ಮೇಲಿನ ಸಣ್ಣಕ್ಷರಗಳನ್ನು ಆಗ ಓದಿದೆ. ರೋಗಾಣುಗಳ ದೃಷ್ಟಿಯಿಂದ ಸುರಕ್ಷಿತವಲ್ಲದ, ಅಥವಾ ಗುಣಮಟ್ಟ ಗೊತ್ತಿಲ್ಲದ ನೀರಿಗೆ ಇದನ್ನು ಬಳಸಬೇಡಿ ಎಂದಿತ್ತು. ಟ್ಯಾಂಕರ್ ನೀರಿನ ಗುಣಮಟ್ಟ ನನಗೆ ಗೊತ್ತಿತ್ತೇ? ಮಕ್ಕಳೂ ಅಮ್ಮನೂ ತಿಂಗಳುಗಟ್ಟಲೆ ಆ ನೀರನ್ನೇ ಕುಡಿದಿದ್ದರು. ಅಡುಗೆಮನೆಯ ಗೋಡೆಯಲ್ಲಿ ಕರಗಿದ ಲವಣವನ್ನೂ ರೋಗಾಣುಗಳನ್ನೂ ತಡೆಯುವ ಆರ್‌ಒ ಯಂತ್ರ ಇದ್ದೂ, ಫ್ರಿಜ್‌ನಲ್ಲಿ ಫಿಲ್ಟರ್ ಇದೆಯಲ್ಲ ಎಂದು ನಂಬಿದ್ದು ನನ್ನ ತಪ್ಪು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮರುದಿನವೇ ಫ್ರಿಜ್‌ನ ವಾಲ್ವ್ ಮುಚ್ಚಿದೆ, ಮಂಜುಗಡ್ಡೆಯನ್ನೆಲ್ಲ ಚೆಲ್ಲಿದೆ. ಆ ವಾರದಲ್ಲಿ ಪ್ಲಂಬರ್ ಬಂದು ಫ್ರಿಜ್‌ನ ಕೊಳವೆಯನ್ನು ಗೋಡೆಯ ನಲ್ಲಿಯಿಂದ ಬಿಡಿಸಿ, ಆರ್‌ಒ ಯಂತ್ರದ ಶುದ್ಧ ನೀರಿನ ತೊಟ್ಟಿಗೆ ಜೋಡಿಸಿದರು. ಹಳೆಯ ಪಂಪೇ ಸಾಕಾಯಿತು. ತೊಟ್ಟಿ ಬರಿದಾದಾಗ ಪಂಪ್ ತಾನಾಗಿ ನಿಲ್ಲುವಂತೆ ಒಂದು ಸ್ವಿಚ್ ಕೂಡ ಹಾಕಿಸಿದೆ, ಇಲ್ಲದಿದ್ದರೆ ಒಣಗಿ ಓಡಿ ಸುಟ್ಟುಹೋಗುತ್ತದೆ. ಟ್ಯಾಂಕಿನಿಂದ ಆರ್‌ಒಗೆ ಬರುವ ದಾರಿಯಲ್ಲಿ ಐದು ಮೈಕ್ರಾನಿನಷ್ಟು (ಮಿಲಿಮೀಟರಿನ ಸಾವಿರದ ಐದು ಭಾಗ) ಸಣ್ಣ ಕಣಗಳನ್ನೂ ತಡೆಯುವ, ದಾರ ಸುತ್ತಿದ ಕ್ಯಾಂಡಲ್ ಇರುವ ಪಾರದರ್ಶಕ ಡಬ್ಬಿ ಕೂರಿಸಿದ್ದೇವೆ. ಕೆಸರು ಈಗ ಅಲ್ಲೇ ನಿಲ್ಲುತ್ತದೆ, ಕಣ್ಣಿಗೂ ಕಾಣುತ್ತದೆ. ಅದನ್ನು ಬದಲಿಸುವ ಖರ್ಚು ಫ್ರಿಜ್‌ನ ಫಿಲ್ಟರಿನ ಮುಂದೆ ಅತ್ಯಲ್ಪ.

ಹಾಗೆಂದು ಫ್ರಿಜ್‌ನ ಫಿಲ್ಟರನ್ನು ವರ್ಷಗಟ್ಟಲೆ ಬಿಡಬಾರದು. ಕ್ಲೋರಿನ್ ಇಲ್ಲದ ನೀರು ಇದ್ದಿಲಿನಲ್ಲಿ ನಿಂತರೆ ಅಲ್ಲಿ ರೋಗಾಣುಗಳು ಬೆಳೆಯಲು ಅನುಕೂಲ. ಹಾಕಿದ ತಾರೀಖನ್ನು ಮಾರ್ಕರ್ ಪೆನ್ನಿನಿಂದ ಅದರ ಮೈಮೇಲೇ ಬರೆಯುತ್ತೇನೆ. ಆ ಅಕ್ಟೋಬರಿನಲ್ಲಿ, ಸರಿಯಾಗಿ ಆರು ತಿಂಗಳಿಗೆ ಮತ್ತೆ ಬದಲಿಸಿದಾಗ ಕಾಲು ಗಂಟೆಯೂ ಹಿಡಿಯಲಿಲ್ಲ. ತೆಗೆದದ್ದನ್ನು ಅಂಗಳಕ್ಕೆ ಒಯ್ದು ಗರಗಸ ಹಿಡಿದೆ. ಅಮ್ಮನೂ ನೋಡಲು ಬಂದು ನಿಂತರು. ಈ ಸಲ ಸ್ಪಂಜು ಬೆಳ್ಳಗಿತ್ತು.