ಟೆಸ್ಟ್ ತಂಡ ಕಟ್ಟಬೇಕೇ? ಮೊದಲು ಮಣ್ಣು ನೋಡಿ

2018ರ ಜೂನ್ 14ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಫ್ಗಾನಿಸ್ತಾನ ತನ್ನ ಮೊದಲ ಟೆಸ್ಟ್‌ಗೆ ಇಳಿಯಿತು. ಟಿ20ಯಲ್ಲಿ ನಾಲ್ಕೇ ಓವರ್‌ನಲ್ಲಿ ಪಂದ್ಯ ತಿರುಗಿಸುತ್ತಿದ್ದ ರಶೀದ್ ಖಾನ್ ಅಲ್ಲಿ 34.5 ಓವರ್ ಹಾಕಿ 154 ರನ್ ಬಿಟ್ಟುಕೊಟ್ಟರು. ಸಿಕ್ಕಿದ್ದು ಎರಡು ವಿಕೆಟ್. ಮರುದಿನ ಒಂದೇ ದಿನದಲ್ಲಿ ತಂಡ 109 ಮತ್ತು 103ಕ್ಕೆ ಎರಡು ಬಾರಿ ಆಲೌಟ್ ಆಯಿತು. ಇವರಿಗೆ ಟೆಸ್ಟ್ ಏಕೆ ಎಂದವರು ಅಂದು ಬಹಳ ಮಂದಿ. ಆದರೆ ಅದೇ ತಂಡಕ್ಕೆ 2019ರ ಮಾರ್ಚ್‌ನಲ್ಲಿ ಡೆಹ್ರಾಡೂನ್‌ನಲ್ಲಿ ಐರ್ಲೆಂಡ್ ಸೋತಿತು, ಸೆಪ್ಟೆಂಬರ್‌ನಲ್ಲಿ ಚಟ್ಟೋಗ್ರಾಮದಲ್ಲಿ ಬಾಂಗ್ಲಾದೇಶ ಸೋತಿತು. ಅಲ್ಲಿ ರಶೀದ್‌ಗೆ 11 ವಿಕೆಟ್. ಇದೇ ಮೊದಲ ಗೆಲುವಿಗೆ ಬಾಂಗ್ಲಾದೇಶ 35ನೇ ಟೆಸ್ಟ್‌ವರೆಗೆ, ನ್ಯೂಜಿಲೆಂಡ್ 1930ರಿಂದ 1956ರವರೆಗೆ ಕಾದಿದ್ದವು.

ಸಣ್ಣ ದೇಶವೊಂದು ಟೆಸ್ಟ್ ಮಟ್ಟಕ್ಕೆ ಏರಬಹುದು. ಆದರೆ ಮಾನ್ಯತೆ ಕೊಡುವುದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐಸಿಸಿ) ಸಭೆ, ತಂಡ ಕೊಡುವುದು ಮಣ್ಣು ಮತ್ತು ದಿನಗಳು. 2003ರ ವಿಶ್ವಕಪ್ ಸೆಮಿಫೈನಲ್‌ಗೆ ಬಂದಿದ್ದ ಕೀನ್ಯಾ ಟೆಸ್ಟ್ ಆಡಲೇ ಇಲ್ಲ. ಆ ತಲೆಮಾರು ದಣಿದಾಗ ಹಿಂದೆ ಯಾರೂ ಇರಲಿಲ್ಲ.

ಕರಾವಳಿಯ ನಮಗೆ ಇದು ದೂರದ ಮಾತಲ್ಲ. ಮೂಲ್ಕಿಯಲ್ಲಿ ಹುಟ್ಟಿದ ವಿಕೆಟ್‌ಕೀಪರ್ ಬುಧಿ ಕುಂದರನ್ ಭಾರತಕ್ಕೆ 18 ಟೆಸ್ಟ್ ಆಡಿ, 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದು, ಮುಂದೆ ಸ್ಕಾಟ್ಲೆಂಡ್ ಪರವಾಗಿಯೂ ಆಡಿದರು. ಇಂದಿಗೂ ದೀಪಾವಳಿ ಕಳೆದರೆ ಮೇ ಕೊನೆಯ ಪತ್ತನಾಜೆಯವರೆಗೆ ಕೊಯ್ಲಾದ ಗದ್ದೆಗಳಲ್ಲಿ, ಶಾಲಾ ಮೈದಾನಗಳಲ್ಲಿ ಹೊನಲು ಬೆಳಕಿನ ಅಂಡರ್ ಆರ್ಮ್, ಟೆನಿಸ್ ಬಾಲ್ ಪಂದ್ಯಾಟಗಳಿಗೆ ಬರವಿಲ್ಲ. ಕೈಚಳಕ ಇದೆ, ಕಣ್ಣು ಚುರುಕಿದೆ. ಇಲ್ಲದಿರುವುದು ಎರಡು ದಿನ ತಾಳುವ ಪಿಚ್. ಸಣ್ಣ ದೇಶಗಳದ್ದೂ ಇದೇ ಕೊರತೆ. ಆದ್ದರಿಂದ ಊರಿನ ಒಂದು ಕ್ಲಬ್ಬಿನ ಲೆಕ್ಕದಲ್ಲೇ ಈ ದಾರಿಯನ್ನು ನೋಡೋಣ.

ಮೊದಲ ಹೆಜ್ಜೆ: ಪಿಚ್

ತೆಂಗಿನ ನಾರಿನ ಮ್ಯಾಟ್ ಹಾಸಿದರೆ ಸಾಲದೇ? ಸಾಲದು. ಮ್ಯಾಟ್ ಮೇಲೆ ಚೆಂಡು ಬೆಳಿಗ್ಗೆ ಎದ್ದಂತೆಯೇ ಸಂಜೆಯೂ ಏಳುತ್ತದೆ. ಪಿಚ್ ಸವೆಯುವುದಿಲ್ಲ, ಬಿರಿಯುವುದಿಲ್ಲ, ಬೌಲರನ ಹೆಜ್ಜೆಗುಳಿ ಬೀಳುವುದಿಲ್ಲ. ಬದಲಾಗುವ ಪಿಚ್‌ನಲ್ಲಿ ಆಡುವುದೇ ಟೆಸ್ಟ್ ವಿದ್ಯೆ.

ನಮ್ಮ ಮುರಕಲ್ಲಿನ ಕೆಂಪು ಮಣ್ಣು ಇದಕ್ಕೆ ಆಗದು. ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬುವ, ಒಣಗಿ ಬಿಗಿಯುವ ಜಾತಿಯದ್ದಲ್ಲ. ರೋಲರ್ ಎಳೆದರೂ ಮೇಲೆ ಪುಡಿ ಏಳುತ್ತದೆ. ನದಿ ಬದಿಯ ಹೆಂಚಿನ ಮಣ್ಣು ಆಸೆ ಹುಟ್ಟಿಸುತ್ತದೆ, ಆದರೆ ಅಳಿವೆಯ ಸಮೀಪದ್ದಾದರೆ ಉಪ್ಪಿನಂಶಕ್ಕೆ ಹುಲ್ಲು ಸುಡುತ್ತದೆ. ನಂಬಬಹುದಾದದ್ದು ಘಟ್ಟದ ಮೇಲಿನ ಎರೆಮಣ್ಣು. ಜೇಡಿಯ ಪ್ರಮಾಣ ಅರ್ಧದಷ್ಟಾದರೂ ಇರಬೇಕು.

ಲೋಡ್ ತರಿಸುವ ಮೊದಲು ಪರೀಕ್ಷೆ ಮಾಡಿ. ಉದ್ದನೆಯ ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ಪುಡಿ ಮಾಡಿದ ಮಣ್ಣು ಹಾಕಿ, ನೀರು ತುಂಬಿಸಿ, ಚಿಟಿಕೆ ಬಟ್ಟೆ ಸೋಪಿನ ಪುಡಿ ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದೊಳಗೆ ತಳ ಹಿಡಿಯುವುದು ಮರಳು. ಒಂದೆರಡು ಗಂಟೆಯಲ್ಲಿ ಕೂರುವುದು ಗೋಡು, ಅಂದರೆ ಮರಳಿಗಿಂತ ನಯವಾದ ಮಣ್ಣು. ಮರುದಿನವೂ ನೀರನ್ನು ಕದಡಿಸಿಕೊಂಡು, ನಿಧಾನವಾಗಿ ಇಳಿಯುವುದು ಜೇಡಿ. ಜೊತೆಗೆ ಒದ್ದೆ ಮಣ್ಣಿನ ನಿಂಬೆಗಾತ್ರದ ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿ. ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಉಂಡೆ ಪಿಚ್‌ಗೆ ಬೇಡ. ಕಾಲಿಟ್ಟು ತುಳಿದರೂ ಒಡೆಯಲು ಸತಾಯಿಸಬೇಕು.

ಪ್ರಮಾಣದ ಲೆಕ್ಕ ಹೀಗೆ: ಸ್ಟಂಪ್‌ನಿಂದ ಸ್ಟಂಪ್‌ಗೆ 20.12 ಮೀಟರ್, ಅಗಲ 3.05 ಮೀಟರ್. ಎರಡೂ ತುದಿಯಲ್ಲಿ ಬೌಲರ್ ಕಾಲಿಡಲು ಜಾಗ ಸೇರಿಸಿ ಉದ್ದ 24 ಮೀಟರ್ ಹಿಡಿಯಿರಿ. 20 ಸೆಂಟಿಮೀಟರ್ ದಪ್ಪಕ್ಕೆ ಸುಮಾರು 15 ಘನ ಮೀಟರ್ ಬಿಗಿದ ಮಣ್ಣು ಬೇಕು. ಸಡಿಲ ಮಣ್ಣು ಒತ್ತಿದಾಗ ಕುಗ್ಗುವುದರಿಂದ 20 ಘನ ಮೀಟರ್ ತರಿಸಿ, ಅಂದರೆ 200 ಘನ ಅಡಿ ಹಿಡಿಯುವ ಟಿಪ್ಪರ್‌ನಲ್ಲಿ ನಾಲ್ಕು ಲೋಡಿಗೆ ಸ್ವಲ್ಪ ಕಡಿಮೆ.

ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಮೇಲೆ ಅಗೆಯಲು ತೊಡಗಿ. ತಳದಲ್ಲಿ 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ ಅಷ್ಟೇ ದಪ್ಪಕ್ಕೆ ಒರಟು ಮರಳು, ಆಮೇಲೆ ಎರೆಮಣ್ಣು. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ನೆಲದ ನೀರು ಮೇಲೇಳುವ ಕಾರಣ ಪಿಚ್ ಸುತ್ತಲಿನ ಮೈದಾನಕ್ಕಿಂತ ತುಸು ಎತ್ತರದಲ್ಲಿರಲಿ, ಜಲ್ಲಿಯಿಂದ ನೀರು ಹೊರಹೋಗಲು ಪೈಪ್ ಇರಲಿ. ಎರೆಮಣ್ಣನ್ನು ಒಮ್ಮೆಗೇ ಸುರಿಯಬಾರದು. ಐದೈದು ಸೆಂಟಿಮೀಟರ್ ಪದರ ಹಾಕಿ, ಒತ್ತಿ, ಮುಂದಿನ ಪದರಕ್ಕೆ ಮೊದಲು ಮೇಲ್ಮೈಯನ್ನು ಕುಂಟೆಯಿಂದ ಗೀರಿ ಒರಟು ಮಾಡಿ. ಬಹಳ ಪಿಚ್‌ಗಳು ಕೆಡುವುದು ಇಲ್ಲೇ. ನುಣುಪು ಪದರದ ಮೇಲೆ ಹಾಕಿದ ಮಣ್ಣು ಅಂಟಿಕೊಳ್ಳದೆ ನೀರುದೋಸೆಯ ಹಾಗೆ ಬೇರೆಯಾಗಿ ನಿಲ್ಲುತ್ತದೆ. ಹೊರಗೆ ಗಟ್ಟಿ ಕಾಣುತ್ತದೆ, ಒಳಗೆ ಟೊಳ್ಳು; ಒಂದು ಚೆಂಡು ಎದೆಗೆ, ಮುಂದಿನದು ಪಾದಕ್ಕೆ.

ಮೇಲೆ ಗರಿಕೆ ನಾಟಿ. ಅದರ ಬೇರು ಮಣ್ಣನ್ನು ಹಿಡಿದಿಡುವುದಷ್ಟೇ ಅಲ್ಲ, ಆಳದ ತೇವವನ್ನೂ ಹೀರುತ್ತದೆ. ಹುಲ್ಲಿಲ್ಲದಿದ್ದರೆ ಪಿಚ್‌ನ ಮೇಲ್ಮೈ ಮಾತ್ರ ಒಣಗುತ್ತದೆ.

ಪಂದ್ಯಕ್ಕೆ ಎಂಟು ಹತ್ತು ದಿನ ಮೊದಲು ಆಳಕ್ಕೆ ಇಳಿಯುವಂತೆ ನೀರು ಕೊಟ್ಟು, ತೇವ ಹದಕ್ಕೆ ಬಂದಾಗ ರೋಲರ್ ಶುರು ಮಾಡಿ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಮಣ್ಣು ಬೆರಳಿಗೆ ಮೆತ್ತಬಾರದು: ಇದೇ ಹದ. ಮೊದಲು 250 ಕಿಲೋದ ಕೈ ರೋಲರ್, ದಿನ ಕಳೆದಂತೆ ಭಾರದ್ದು, ಕೊನೆಗೆ ಒಂದು ಟನ್ನಿನದು. ಮೊದಲ ದಿನವೇ ಭಾರದ ರೋಲರ್ ಹತ್ತಿಸಿದರೆ ಮೇಲ್ಮೈ ಮುಚ್ಚಿಕೊಂಡು ಒಳಗಿನ ನೀರು ಸಿಕ್ಕಿಬೀಳುತ್ತದೆ. ಒಣಗಿದ ಮೇಲೆ ಎಷ್ಟು ಎಳೆದರೂ ಹೊಳಪು ಬರುತ್ತದೆ, ಗಟ್ಟಿತನ ಬರುವುದಿಲ್ಲ.

ಅಳೆಯಲು ಸುಲಭ ಉಪಾಯವಿದೆ. ಹೊಸ ಲೆದರ್ ಬಾಲನ್ನು 4.9 ಮೀಟರ್ ಎತ್ತರದಿಂದ ಸುಮ್ಮನೆ ಕೈಬಿಡಿ. 64 ಸೆಂಟಿಮೀಟರ್ ಮೀರಿ ಪುಟಿದರೆ ವೇಗದ ಪಿಚ್. 51ರಿಂದ 64 ಬಂದರೂ ಒಳ್ಳೆಯದೇ. 38ಕ್ಕಿಂತ ಕೆಳಗಿದ್ದರೆ ಬ್ಯಾಟರ್, ಬೌಲರ್ ಇಬ್ಬರಿಗೂ ಕಲಿಯಲು ಅಲ್ಲಿ ಏನೂ ಇಲ್ಲ.

ಆಮೇಲೆ ಬೌಲರ್

ಟೆನಿಸ್ ಬಾಲ್ 60 ಗ್ರಾಂ ಒಳಗೆ, ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ. ಪಂದ್ಯಾಟದಲ್ಲಿ ಎರಡು ಓವರ್ ಹಾಕಿ ಬರುವ ಹುಡುಗನ ಕೈಗೆ ಇದನ್ನು ಕೊಟ್ಟು ದಿನಕ್ಕೆ 15 ಓವರ್ ಹಾಕಿಸಿದರೆ ಮುರಿಯುವುದು ಸೊಂಟ. ಇಪ್ಪತ್ತರ ಆಸುಪಾಸಿನ ವೇಗಿಗಳಲ್ಲಿ ಕೆಳಬೆನ್ನಿನ ಮೂಳೆ ಬಿರುಕು ಬಿಡುವುದು ಹೀಗೆ ಹೊರೆ ಹಠಾತ್ ಏರಿದಾಗಲೇ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಓವರ್, ಒಟ್ಟು 72 ಎಸೆತದಿಂದ ಆರಂಭಿಸಿ. ಪ್ರತಿ ವಾರ ಶೇ 10ರಷ್ಟೇ ಏರಿಸಿದರೆ ಹತ್ತು ವಾರದಲ್ಲಿ 187 ಎಸೆತ, ಅಂದರೆ 31 ಓವರ್. ಎರಡು ದಿನದ ಪಂದ್ಯಕ್ಕೆ ಅವನು ಆಗ ಸಿದ್ಧ. ಎಸೆತಗಳ ಲೆಕ್ಕ ನೋಟ್‌ಬುಕ್ಕಿನಲ್ಲಿರಲಿ, ಬಾಯಿಲೆಕ್ಕ ಬೇಡ.

ಬ್ಯಾಟರ್‌ಗೆ ಹೇಳುವುದು ಕಡಿಮೆ: ಆಫ್ ಸ್ಟಂಪಿನ ಹೊರಗಿನ ಚೆಂಡು ಬಿಡುವುದನ್ನು ನೆಟ್ಸ್‌ನಲ್ಲಿ ಎಣಿಸಿ ಅಭ್ಯಾಸ ಮಾಡಿಸಿ. ಹೊಡೆಯುವುದು ಅವನಿಗೆ ಆಗಲೇ ಗೊತ್ತು.

ಕೊನೆಯದಾಗಿ, ದಿನಗಳು

ವಾರಾಂತ್ಯದ ಎರಡು ದಿನದ ಪಂದ್ಯ, ದಿನಕ್ಕೆ 90 ಓವರ್, 80ರ ಬಳಿಕ ಹೊಸ ಚೆಂಡು, ಎರಡು ಇನಿಂಗ್ಸ್. ಎರಡು ದಿನದ ಆಟದಲ್ಲಿ ಫಾಲೋ ಆನ್‌ಗೆ, ಅಂದರೆ ಹಿಂದೆ ಬಿದ್ದ ತಂಡವನ್ನು ಕೂಡಲೇ ಮತ್ತೆ ಬ್ಯಾಟಿಂಗ್‌ಗೆ ಇಳಿಸಲು, 100 ರನ್ ಅಂತರ ಸಾಕು. ಒಂದು ಋತುವಿನಲ್ಲಿ ಇಂಥ ಹತ್ತು ಪಂದ್ಯ ಆಡಿದ ತಂಡಕ್ಕೆ 20 ವಿಕೆಟ್ ಕೀಳುವುದು ಎಷ್ಟು ಕಷ್ಟವೆಂದು ತಿಳಿದಿರುತ್ತದೆ.

ದೇಶಗಳ ಮಟ್ಟದಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದು 2004ರಲ್ಲಿ ಆರಂಭವಾದ ಇಂಟರ್‌ಕಾಂಟಿನೆಂಟಲ್ ಕಪ್. ಬಹುದಿನಗಳ ಆ ಟೂರ್ನಿಯನ್ನು ಐರ್ಲೆಂಡ್ ನಾಲ್ಕು ಬಾರಿ, ಅಫ್ಗಾನಿಸ್ತಾನ ಎರಡು ಬಾರಿ ಗೆದ್ದವು. 2017ರ ಜೂನ್ 22ರಂದು ಟೆಸ್ಟ್ ಆಡುವ ಹಕ್ಕು ಕೊಡುವ ಐಸಿಸಿ ಪೂರ್ಣ ಸದಸ್ಯತ್ವ ಸಿಕ್ಕಿದ್ದೂ ಇವೆರಡಕ್ಕೇ. ಮೊದಲ ಕಪ್ ಗೆದ್ದದ್ದು ಸ್ಕಾಟ್ಲೆಂಡ್. 2017ರ ನಂತರ ಆ ಟೂರ್ನಿ ನಡೆದಿಲ್ಲ. ಇಂದು ಕೀರ್ತಿಪುರದಲ್ಲಿ ಜನಸಾಗರ ಸೇರಿಸುವ ನೇಪಾಳಕ್ಕೆ, ವಿಶ್ವಕಪ್‌ಗಳಲ್ಲಿ ದೊಡ್ಡ ತಂಡಗಳನ್ನು ಕೆಡವಿದ ನೆದರ್‌ಲೆಂಡ್ಸ್‌ಗೆ, ಸ್ಕಾಟ್ಲೆಂಡ್‌ಗೆ ಆ ಏಣಿಯೇ ಇಲ್ಲ. ಇದು ಅನ್ಯಾಯ. ಆ ಕಪ್ ಮತ್ತೆ ಶುರುವಾಗದೆ ಮುಂದಿನ ಟೆಸ್ಟ್ ದೇಶ ಯಾವುದೆಂಬ ಚರ್ಚೆಗೆ ಅರ್ಥವಿಲ್ಲ.

ಕ್ಲಬ್ಬಿಗೆ ಉಳಿದ ಕೆಲಸ ಮೊದಲ ದಿನದ ಸಂಜೆಯದು. ಬೌಲರನ ಹೆಜ್ಜೆಗುಳಿಯ ಸಡಿಲ ಪುಡಿ ಗುಡಿಸಿ ತೆಗೆದು, ಬದಿಗಳನ್ನು ತುಸು ಒದ್ದೆ ಮಾಡಿ, ಅದೇ ಲೋಡಿನ ಎರೆಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ ತುಂಬಿ, ದಮ್ಮಸ್ಸಿನಿಂದ ಬಡಿಯಿರಿ. ಒಳ್ಳೆಯ ಎಸೆತ ನೆಲ ಮುಟ್ಟುವ ಗುಡ್ ಲೆಂಗ್ತ್ ಜಾಗದ ಬಿರುಕುಗಳನ್ನು ಮಾತ್ರ ಮುಟ್ಟಬೇಡಿ, ಮರುದಿನದ ಸ್ಪಿನ್ನರ್‌ಗೆ ಅವು ಬೇಕು.