ಬೆಳ್ಳಿ ಎಲೆಯ ಬಳ್ಳಿಗೆ ನೀರು ಯಾವಾಗ? ಎಲೆಯನ್ನೇ ಕೇಳಿ

ನರ್ಸರಿಯಲ್ಲಿ ಇದನ್ನು ಸ್ಯಾಟಿನ್ ಪೋಥೋಸ್ ಅಥವಾ ಸಿಲ್ವರ್ ಪೋಥೋಸ್ ಅಂತ ಮಾರುತ್ತಾರೆ. ಹೆಸರು ಕೇಳಿ ಮನಿಪ್ಲಾಂಟಿನದೇ ಇನ್ನೊಂದು ಬಣ್ಣ ಅಂದುಕೊಂಡು ತಂದವರಲ್ಲಿ ನಾನೂ ಒಬ್ಬಳು. ದಿನಾ ಬೆಳಿಗ್ಗೆ ತಪ್ಪದೆ ಒಂದು ಚೊಂಬು ನೀರು ಹಾಕಿದೆ. ಎರಡು ತಿಂಗಳಾಗುವಷ್ಟರಲ್ಲಿ ಬುಡ ಕೊಳೆತು ಬಳ್ಳಿ ಕೈಗೇ ಬಂತು.

ಇದರ ನಿಜವಾದ ಹೆಸರು ಸಿಂಡಾಪ್ಸಸ್ ಪಿಕ್ಟಸ್. ನಮ್ಮ ಕೆಸುವಿನ ಕುಟುಂಬದ್ದೇ. ಮಲೇಷ್ಯಾ, ಇಂಡೋನೇಷ್ಯಾ ಕಡೆಯ ಮಳೆಕಾಡಿನಲ್ಲಿ ಮರದ ಕಾಂಡ ಹಿಡಿದು ಹತ್ತುತ್ತದೆ. ಎಲೆ ಮೇಲಿನ ಬೆಳ್ಳಿ ಚುಕ್ಕೆ ಬಣ್ಣವಲ್ಲ. ಎಲೆಯ ಸಿಪ್ಪೆಯ ಕೆಳಗಿರುವ ಸಣ್ಣ ಸಣ್ಣ ಗಾಳಿಯ ಜಾಗಗಳಿಗೆ ಬೆಳಕು ಬಿದ್ದು ಹಾಗೆ ಹೊಳೆಯುತ್ತದೆ. ಹೊಳಪಿಗೆ ಅಂತ ಏನೂ ಸವರಬೇಡಿ. ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು.

ಮೊದಲು ಜಾಗ ನೋಡಿಕೊಳ್ಳಿ. ಪೂರ್ವದ ಕಿಟಕಿ ಒಳ್ಳೆಯದು. ಬೇರೆ ದಿಕ್ಕಾದರೆ ತೆಳು ಪರದೆ ಇರಲಿ. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಎಲೆ ಸುಡುತ್ತದೆ. ಕತ್ತಲೆ ಮೂಲೆಯಲ್ಲಿಟ್ಟರೆ ಸಾಯುವುದಿಲ್ಲ, ಆದರೆ ಎಲೆಯಿಂದ ಎಲೆಗೆ ಅಂತರ ಜಾಸ್ತಿಯಾಗಿ ಬಳ್ಳಿ ಬಡಕಲಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ರಾತ್ರಿ ಬಾಲ್ಕನಿಯಲ್ಲಿ ಬಿಡಬೇಡಿ. 15 ಡಿಗ್ರಿಗಿಂತ ಕೆಳಗೆ ಇದಕ್ಕೆ ಒಗ್ಗುವುದಿಲ್ಲ.

ಕುಂಡದ ತಳದಲ್ಲಿ ತೂತು ಇರಲೇಬೇಕು. ಬರೀ ಕೆಂಪು ಮಣ್ಣು ತುಂಬಿದರೆ ಗಟ್ಟಿಯಾಗಿ ಕೂತುಬಿಡುತ್ತದೆ. ನಾನು ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸೇರಿಸುತ್ತೇನೆ. ಪರ್ಲೈಟ್ ಸಿಗದಿದ್ದರೆ ತೆಂಗಿನ ಸಿಪ್ಪೆಯ ಚೂರು ಹಾಕಿ. ಬೇರಿಗೆ ಗಾಳಿಯಾಡಬೇಕು, ಅಷ್ಟೇ.

ಇನ್ನು ನೀರು. ಸೋಮವಾರ, ಗುರುವಾರ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳಿನ ಎರಡು ಗೆಣ್ಣು ಮಣ್ಣೊಳಗೆ ಇಳಿಸಿ. ತಂಪಾಗಿದ್ದರೆ ಸುಮ್ನೆ ಬಿಟ್ಟುಬಿಡಿ. ಒಣಗಿದ್ದರೆ ಎಲೆ ನೋಡಿ. ಬಾಯಾರಿದ ಎಲೆಯ ಎರಡೂ ಅಂಚು ಒಳಕ್ಕೆ ಬಾಗಿರುತ್ತವೆ, ಸುಣ್ಣ ಹಚ್ಚಿ ಮಡಚಲು ಶುರುಮಾಡಿದ ವೀಳ್ಯದೆಲೆಯ ಹಾಗೆ. ಆಗ ತಳದಿಂದ ಹರಿದು ಬರುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಮಾರನೇ ದಿನಕ್ಕೆ ಎಲೆ ಬಿಚ್ಚಿಕೊಂಡಿರುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಸುರುಳಿಕೊಂಡಿದ್ದರೆ ಮಾತ್ರ ಹುಷಾರು. ಗಿಡ ಹೊರತೆಗೆದು ಬೇರು ನೋಡಿ. ಕಪ್ಪಾಗಿ ಮೆತ್ತಗಾದದ್ದನ್ನು ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಡಿ.

ಬೋರ್‌ವೆಲ್ ನೀರನ್ನು ಎಲೆ ಮೇಲೆ ಚಿಮುಕಿಸಿದರೆ ಬಿಳಿ ಕಲೆ ಉಳಿಯುತ್ತದೆ, ಬೆಳ್ಳಿಯ ಅಂದವೆಲ್ಲ ಹಾಳು. ನೀರು ಬುಡಕ್ಕೇ ಇರಲಿ.

ಎಲೆಯ ಹಿಂಬದಿ, ಎಲೆ ಬಳ್ಳಿಗೆ ಸೇರುವ ಕಂಕುಳಲ್ಲಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಮೊದಲು ಬಟ್ಟೆಯಲ್ಲಿ ಒರೆಸಿ. ಆಮೇಲೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಹಸಿ ಕೆಸು ತಿಂದರೆ ಬಾಯಿ ತುರಿಸುತ್ತದಲ್ವಾ? ಇದೂ ಹಾಗೇ. ಬೆಕ್ಕು, ನಾಯಿ, ಅಂಬೆಗಾಲಿಡುವ ಮಕ್ಕಳಿದ್ದರೆ ಎತ್ತರದಲ್ಲಿ ತೂಗುಹಾಕಿ.

ತೂಗು ಕುಂಡದಲ್ಲಿ ಬಳ್ಳಿ ಉದ್ದಕ್ಕೆ ಇಳಿದು ನೆತ್ತಿ ಬೋಳಾಗುವುದು ಮಾಮೂಲು. ಇಳಿದ ಬಳ್ಳಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಒಂದೆರಡು ಗೆಣ್ಣು ಮುಳುಗುವಂತೆ ಗಾಜಿನ ಲೋಟದ ನೀರಲ್ಲಿಡಿ. ಮನಿಪ್ಲಾಂಟಿಗಿಂತ ನಿಧಾನ, ಮೂರ್ನಾಲ್ಕು ವಾರ ಕಾಯಬೇಕು. ಬೇರು ಎರಡು ಇಂಚು ಬಂದ ಮೇಲೆ ಬೇರೆ ಕುಂಡ ಹುಡುಕಬೇಡಿ, ತಾಯಿ ಗಿಡದ ಬೋಳು ನೆತ್ತಿಯಲ್ಲೇ ನೆಟ್ಟುಬಿಡಿ.